ತಲೆಸುತ್ತು ಹೋದ ಮೇಲೂ ಉಳಿಯುವ ಭಯ

ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದಾಗ, ಮೇಲಿನ ಕಪಾಟಿನ ಡಬ್ಬಿಗೆ ತಲೆಯೆತ್ತಿದಾಗ, ಸುಜೂದ್‌ಗೆ ಬಾಗಿದಾಗ ಕೋಣೆಯೇ ಗಿರ್ರನೆ ತಿರುಗಿದಂತಾಗುತ್ತದೆ. ಒಂದು ನಿಮಿಷದೊಳಗೆ ನಿಲ್ಲುತ್ತದೆ. ಮನೆಯವರು ಪಿತ್ತವೆಂದು ನಿಂಬೆ ಶರಬತ್ತು ಕೊಡುತ್ತಾರೆ. ಆದರೆ ಇಂತಹ ಸುತ್ತಿನ ಮೂಲ ಹೆಚ್ಚಾಗಿ ಕಿವಿಯೊಳಗಿರುತ್ತದೆ.

ಒಳಕಿವಿಯಲ್ಲಿ ಸುಣ್ಣದ ಅತಿ ಸಣ್ಣ ಹರಳುಗಳಿವೆ. ಅವು ಕಳಚಿ, ದ್ರವ ತುಂಬಿದ ಪಕ್ಕದ ನಾಳಕ್ಕೆ ಸೇರಿದರೆ ತಲೆ ಅಲುಗಿದಾಗ ತಾವೂ ಉರುಳಿ ಮೆದುಳಿಗೆ ಸುಳ್ಳು ಸುದ್ದಿ ಕಳಿಸುತ್ತವೆ. ವೈದ್ಯರು ಇದನ್ನು ಬಿ.ಪಿ.ಪಿ.ವಿ. ಎನ್ನುತ್ತಾರೆ. ಹೆಸರಿನಲ್ಲಿ ಬಿ.ಪಿ. ಇದೆಯೆಂದು ಉಪ್ಪು ಬಿಡಬೇಡಿ, ಇದು ರಕ್ತದೊತ್ತಡದ ಕಾಯಿಲೆಯಲ್ಲ!

ಅಮೆರಿಕದ ಡಾ. ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ಕ್ರಮದಂತೆ ವೈದ್ಯರು ರೋಗಿಯನ್ನು ಮಲಗಿಸಿ, ತಲೆಯನ್ನು ಹಂತ ಹಂತವಾಗಿ ಹೊರಳಿಸಿ ಹರಳುಗಳನ್ನು ನಾಳದಿಂದ ಹೊರತರುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಆಗ ಸುತ್ತು ಒಮ್ಮೆ ಜೋರಾಗಿ ಬರಬಹುದು, ಹೆದರಿ ಎದ್ದುಬಿಡಬೇಡಿ. ಕತ್ತಿನ ನೋವಿದ್ದರೆ ಮೊದಲೇ ತಿಳಿಸಿ. ತಿಂಗಳುಗಟ್ಟಲೆ ನುಂಗುವ ತಲೆಸುತ್ತಿನ ಮಾತ್ರೆ ವಾಕರಿಕೆ ತಗ್ಗಿಸೀತೇ ಹೊರತು ಹರಳನ್ನು ಕದಲಿಸದು. ಅದರ ಮಂಪರಿನಲ್ಲಿ ವಯಸ್ಸಾದವರು ಬಿದ್ದು ಸೊಂಟ ಮುರಿದುಕೊಂಡಾರು.

ಇನ್ನು ಚಿಕಿತ್ಸೆಯ ಅನಂತರದ ಮಾತು. ಎರಡು ದಿನ ಕುಳಿತೇ ನಿದ್ರಿಸಬೇಕು, ಬಾಗಲೇಬಾರದು ಎಂದು ಹಿಂದೆ ಹೇಳುತ್ತಿದ್ದರು. ಪಾಲಿಸಿದವರಿಗೂ ಪಾಲಿಸದವರಿಗೂ ಹೇಳಿಕೊಳ್ಳುವಂತಹ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದ ಕಿವಿ, ಮೂಗು, ಗಂಟಲು ತಜ್ಞರ ಸಂಸ್ಥೆಯು 2017ರ ಮಾರ್ಗಸೂಚಿಯಲ್ಲಿ ಈ ನಿರ್ಬಂಧ ಬೇಡವೆಂದಿದೆ. ಆದರೂ ನಮ್ಮ ಎಷ್ಟೋ ಮನೆಗಳಲ್ಲಿ ತಾಯಂದಿರು ವಾರಗಟ್ಟಲೆ ಕುರ್ಚಿಯಲ್ಲೇ ರಾತ್ರಿ ಕಳೆಯುತ್ತಾರೆ, ಕತ್ತನ್ನು ಕಂಬದಂತೆ ಬಿಗಿಹಿಡಿಯುತ್ತಾರೆ. ಹೀಗೆ ಮಾಡಿದರೆ ಸಮತೋಲನ ಮರಳುವುದು ತಡವಾಗುತ್ತದೆ. ಅಂದು ಸ್ಕೂಟರ್ ಓಡಿಸಬೇಡಿ, ಜೊತೆಗೊಬ್ಬರಿರಲಿ. ರಾತ್ರಿ ಎಂದಿನಂತೆ ಮಲಗಿರಿ. ಕೆಲವು ದಿನ ತೇಲಿದಂತೆ ಅನಿಸಬಹುದು. ಬಚ್ಚಲುಮನೆಯಲ್ಲಿ ಆಸರೆ ಹಿಡಿದು, ನಿಧಾನವಾಗಿ ನಡೆದಾಡಿ. ಗಿರ್ರನೆ ತಿರುಗುವ ಸುತ್ತೇ ಮರಳಿದರೆ ಚಿಕಿತ್ಸೆಯನ್ನು ಪುನಃ ಮಾಡಿಸಬೇಕು. ಇದು ಮರುಕಳಿಸುವ ಕಾಯಿಲೆ, ನಿರಾಶರಾಗಬೇಡಿ.

ಸುತ್ತಿರುವಾಗ ಕುಳಿತು, ಸನ್ನೆಯಿಂದ ನಮಾಝ್ ನಿರ್ವಹಿಸುವ ರಿಯಾಯಿತಿ ರೋಗಿಗೆ ಇದ್ದೇ ಇದೆ. ಗುಣವಾದ ಮೇಲೆ ಭಯದಿಂದ ಕುರ್ಚಿಗೇ ಅಂಟಿಕೊಳ್ಳಬೇಕಾಗಿಲ್ಲ. ಮೊದಲ ದಿನಗಳಲ್ಲಿ ಗೋಡೆಯ ಪಕ್ಕ ಚಾಪೆ ಹಾಸಿದರೆ ಸಾಕು.

ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ, ತಲೆನೋವು ಹಠಾತ್ತನೆ ತೀವ್ರವಾದರೆ ಅಥವಾ ನಿಲ್ಲಲೂ ಆಗದಿದ್ದರೆ ಹರಳಿನ ಕಾಟವೆಂದು ಕಾಯಬೇಡಿ, ಮೆದುಳಿನ ರಕ್ತಸಂಚಾರದ ತೊಂದರೆಯಿರಬಹುದು. ಆ ಕ್ಷಣವೇ ಆಸ್ಪತ್ರೆಗೆ ಹೋಗಿ.