ಖಾಲಿ ಬಾಟಲಿಗೂ ಟಾರ್ಗೆಟ್ ಹಾಕಿರಿ

ಯಾವಗಲ್‌ನಲ್ಲಿ ನನ್ನದೊಂದು ಕಿರಾಣಿ ಅಂಗಡಿ. ಕುಡಿಯುವ ನೀರಿನ 20 ಲೀಟರ್ ಕ್ಯಾನು, ಅರ್ಧ ಲೀಟರ್ ಬಾಟಲಿ ಎರಡನ್ನೂ ಮಾರುತ್ತೇನೆ. ಕ್ಯಾನಿಗೆ 150 ರೂಪಾಯಿ ಡಿಪಾಜಿಟ್. ಹಾಗಾಗಿ ಹೊಲಕ್ಕೆ ಹೋದ ಕ್ಯಾನೂ ಸೀಮಂತಕ್ಕೆ ಹೋದ ಕ್ಯಾನೂ ತಿರುಗಿ ಅಂಗಡಿಗೇ ಬರುತ್ತವೆ. ತಡವಾದರೆ ನಾನೇ ಫೋನ್ ಹಚ್ಚುತ್ತೇನೆ. ಬಾಟಲಿಗೆ ಮಾತ್ರ ಹೇಳುವವರಿಲ್ಲ, ಕೇಳುವವರಿಲ್ಲ.

ಖಾಲಿ ಕ್ಯಾನ್ ಹಿಡಿದು ಬಂದ ಗಿರಾಕಿ ತುಂಬಿದ್ದನ್ನು ಒಯ್ಯದೇ ಹೋಗುವುದಿಲ್ಲ. ಜೊತೆಗೆ ಬೆಲ್ಲ, ಚಹಾಪುಡಿಯೂ ಖರ್ಚಾಗುತ್ತದೆ. ಮರಳಿ ಬರುವ ಕ್ಯಾನಿಗಿಂತ ಅಗ್ಗದ ಜಾಹೀರಾತು ಬೇರೆ ಇಲ್ಲ. ಬಾಟಲಿ ಕಂಪನಿಗಳ ಲೆಕ್ಕವೇ ಬೇರೆ. ಏಜೆಂಟ್ ಬಂದರೆ ಟಾರ್ಗೆಟ್ಟಿನ ಮಾತು, ಇಷ್ಟು ಬಾಕ್ಸ್ ಎತ್ತಿದರೆ ಒಂದು ಫ್ರೀ ಎಂಬ ಸ್ಕೀಮು. ತುಂಬಿ ಬಂದ ಟೆಂಪೊ ಬರಿದೇ ಹೋಗುತ್ತದೆ. ಖಾಲಿ ಬಾಟಲಿ ಒಯ್ಯಪ್ಪಾ ಅಂದರೆ, “ಅದು ನಮಗ ಬರಂಗಿಲ್ರಿ ಕಾಕಾ, ಪಂಚಾಯ್ತಿಯವ್ರನ್ನ ಕೇಳ್ರಿ” ಎನ್ನುತ್ತಾನೆ.

ಬರುವುದಿಲ್ಲ ಎಂದು ಕಾನೂನು ಹೇಳಿಲ್ಲ. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮಗಳೇ ಹೊಣೆಯನ್ನು ಉತ್ಪಾದಕರ ಹೆಗಲಿಗೆ ಹಾಕಿವೆ. ತೊಡಕಿರುವುದು ವಿವರದಲ್ಲಿ. 2022ರ ಫೆಬ್ರುವರಿಯ ಅಧಿಸೂಚನೆ 2025–26ಕ್ಕೆ ಇಟ್ಟ ಗುರಿ ನೋಡಿ: 4.9 ಲೀಟರ್ ಮತ್ತು ಅದಕ್ಕೆ ಮೇಲ್ಪಟ್ಟ ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಶೇ 70 ಮರುಬಳಕೆ, 0.9 ಲೀಟರಿನಿಂದ ಅಲ್ಲಿಯವರೆಗಿನದಕ್ಕೆ ಶೇ 10. ಅದಕ್ಕೂ ಚಿಕ್ಕದಕ್ಕೆ ಮರುಬಳಕೆಯ ಗುರಿಯೇ ಇಲ್ಲ. ಡಿಪಾಜಿಟ್ಟಿನ ಬಲದಿಂದ ಹೇಗೂ ಮರಳುವ ಕ್ಯಾನಿಗೆ ಬಿಗಿ, ಮದುವೆ ಪಂಕ್ತಿಯಲ್ಲಿ ಎಲೆಗೊಂದರಂತೆ ಇಡುವ ಬಾಟಲಿಗೆ ಸಡಿಲ! ಅದನ್ನು ಕರಗಿಸಿ ಮರುಸಂಸ್ಕರಿಸುವ ಗುರಿಯೇನೋ ಇದೆ. ಆದರೆ ಮತ್ತೆಲ್ಲೋ ಮರುಸಂಸ್ಕರಣೆಯಾದ ಪ್ಲಾಸ್ಟಿಕ್ಕಿನ ಪ್ರಮಾಣಪತ್ರ ಕೊಂಡರೂ ಕಂಪನಿಯ ಲೆಕ್ಕ ಚುಕ್ತಾ. ಯಾವಗಲ್‌ನ ಬಾಟಲಿ ಯಾವಗಲ್‌ನಲ್ಲೇ ಉಳಿಯುತ್ತದೆ.

ಗುಜರಿಯವನು ಕಬ್ಬಿಣ, ರದ್ದಿ ಕೇಳುತ್ತಾನೆ. ಬಾಟಲಿ ಕಂಡರೆ ಮುಖ ತಿರುಗಿಸುತ್ತಾನೆ. ಒಂದು ಕಿಲೋ ಆಗಲು ಸುಮಾರು 70 ಬಾಟಲಿ ಬೇಕು, ಗಾಡಿಯ ತುಂಬ ಗಾಳಿಯನ್ನೇ ಹೊತ್ತೊಯ್ದ ಹಾಗೆ. ಉಳಿದದ್ದು ಎರಿ ಹೊಲದಲ್ಲಿ ಕುಂಟಿಗೆ ಸಿಗುತ್ತದೆ, ಇಲ್ಲವೇ ಮಳೆಗಾಲದಲ್ಲಿ ಬೆಣ್ಣಿಹಳ್ಳ ಹಿಡಿದು ಮಲಪ್ರಭೆ ಸೇರುತ್ತದೆ.

ತಮಿಳುನಾಡು 2022ರಲ್ಲಿ ನೀಲಗಿರಿ ಜಿಲ್ಲೆಯಲ್ಲಿ ಸರ್ಕಾರಿ ಮದ್ಯದಂಗಡಿಯ ಬಾಟಲಿಗೆ 10 ರೂಪಾಯಿ ಹೆಚ್ಚಿಗೆ ಪಡೆದು, ಖಾಲಿ ತಂದವರಿಗೆ ಅದನ್ನು ಹಿಂದಿರುಗಿಸುವ ಪದ್ಧತಿ ತಂದಿತು. ಅಲ್ಲಿ ಮಾರುವವರು ಒಬ್ಬರೇ, ನೀರಿಗೆ ನೂರೆಂಟು ಬ್ರ್ಯಾಂಡ್ ಎನ್ನುವ ಆಕ್ಷೇಪ ಸರಿಯೇ. ಅದಕ್ಕೇ ಕಲ್ಯಾಣ ಮಂಟಪಗಳಿಂದ ಶುರು ಮಾಡಿರಿ. ಒಂದು ಮದುವೆ, ಒಂದು ಬಿಲ್ಲು, ನೀರು ಕೊಟ್ಟ ಒಬ್ಬನೇ ಏಜೆಂಟ್. ಬಾಟಲಿಗೆ 2 ರೂಪಾಯಿ ಡಿಪಾಜಿಟ್ ಹಿಡಿದು, ಎಣಿಸಿ ಕೊಟ್ಟಷ್ಟನ್ನು ಎಣಿಸಿ ಹಿಂದಕ್ಕೆ ಪಡೆಯುವುದೇನು ಕಷ್ಟ? ಪದ್ಧತಿ ಅಂಗಡಿಗಳಿಗೂ ಬಂದರೆ ಖಾಲಿ ಚೀಲ ಇಡಲು ಜಾಗ ಕೊಡಲು ನಾವು ತಯಾರು; ಕೈಖರ್ಚಿಗೆ ಬಾಟಲಿಗಿಷ್ಟು ಅಂತ ಕೊಡಲಿ.

ಏಜೆಂಟನ ಹಾಳೆಯಲ್ಲಿ ಮಾರಿದ ಬಾಕ್ಸಿನ ಪಕ್ಕಕ್ಕೆ ಮರಳಿದ ಬಾಟಲಿಗೂ ಒಂದು ಕಾಲಂ ಇರಲಿ. ಕಮಿಷನ್ ಎರಡನ್ನೂ ನೋಡಿ ಕೊಡಲಿ. ಬರಿದೇ ಹೋಗುವ ಟೆಂಪೊ ಆಗ ತಾನಾಗಿ ತುಂಬುತ್ತದೆ.