ಮರದ ಬುಡಕ್ಕೆ ಮೂರಡಿ ಮಣ್ಣು

‘ಹಿತ್ತಲ ಗಿಡ ಮದ್ದಲ್ಲ’ ಎಂಬುದು ನಮ್ಮ ಹಿರಿಯರ ಗಾದೆ. ಕೈಗೆಟಕುವ ವಸ್ತುವಿನ ಬೆಲೆ ನಮಗೆ ತಿಳಿಯದೆಂಬುದು ಅದರ ಇಂಗಿತ. ಈಚೆಗೆ ಆ ಗಾದೆಗೂ ಆಧಾರ ತಪ್ಪುತ್ತಿದೆ. ಪಟ್ಟಣಗಳಲ್ಲಿ ಹಿತ್ತಲೇ ಮಾಯವಾಗುತ್ತಿದೆ; ಉಳಿದ ಹಿತ್ತಲಿಗೆ ಸಿಮೆಂಟಿನ ಹೊದಿಕೆ ಬೀಳುತ್ತಿದೆ. ಚರಿತ್ರೆ ಓದುವ ಕಲಾವಿಭಾಗದವನಿಗೆ ಗಿಡಮರಗಳ ಉಸಾಬರಿ ಏಕೆಂದು ಸಹಪಾಠಿಗಳು ಕೇಳಬಹುದು. ಮನೆಯ ಮುಂದೆ ಒಂದು ಮರವಿರುವ ಯಾರೇ ಆಗಲಿ ಯೋಚಿಸಬೇಕಾದ ಮಾತಿದು ಎಂದಷ್ಟೇ ನನ್ನ ಉತ್ತರ.

ಗಿಡ ನೆಡುವ ಉತ್ಸಾಹಕ್ಕೆ ನಮ್ಮಲ್ಲಿ ಕೊರತೆಯಿಲ್ಲ. 1950ರಲ್ಲಿ ಕೇಂದ್ರದ ಆಹಾರ ಮತ್ತು ಕೃಷಿ ಮಂತ್ರಿಗಳಾಗಿದ್ದ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದರು. ಅಂದಿನಿಂದ ಜುಲೈ ಬಂತೆಂದರೆ ಗುಂಡಿ ತೋಡುವುದು, ಸಸಿ ನೆಡುವುದು, ಭಾಷಣ ಮಾಡುವುದು ನಡೆದೇ ಇದೆ. ಆದರೆ ಮಾರ್ಚ್ ತಿಂಗಳ ಬಿಸಿಲಿನಲ್ಲಿ ಆ ಸಸಿಗೆ ನೀರು ಹೊಯ್ಯುವವರು ಯಾರು? ಸಾಲುಮರದ ತಿಮ್ಮಕ್ಕನವರು ಪತಿ ಚಿಕ್ಕಯ್ಯನವರೊಡನೆ ಹುಲಿಕಲ್ಲು–ಕುದೂರು ರಸ್ತೆಯಲ್ಲಿ ಬೆಳೆಸಿದ ಆಲದ ಮರಗಳನ್ನು ನಾಡೇ ಬಲ್ಲದು. 2019ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು. ಅವರು ನೆಟ್ಟದ್ದು ದೊಡ್ಡದು. ಕೊಡದಲ್ಲಿ ನೀರು ಹೊತ್ತು, ಮುಳ್ಳುಬೇಲಿ ಕಟ್ಟಿ ದನಗಳಿಂದ ಕಾದದ್ದು ಅದಕ್ಕಿಂತ ದೊಡ್ಡದೆಂದು ನನ್ನ ಎಣಿಕೆ.

ಮನೆಯಂಗಳದ ಮರಕ್ಕೆ ದನದ ಕಾಟ ಅಷ್ಟಿಲ್ಲ, ಸಿಮೆಂಟಿನ ಕಾಟವುಂಟು. ನಮ್ಮ ಬೀದಿಯ ಒಂದು ಮನೆಯಲ್ಲಿ ಅಜ್ಜಿಯೊಬ್ಬರು ಬೀಜ ಹಾಕಿ ಬೆಳೆಸಿದ ಹಲಸಿನ ಮರವಿತ್ತು. ಬೀದಿಯ ಮಕ್ಕಳೆಲ್ಲ ಅದರ ತೊಳೆ ತಿಂದವರೇ. ಮಗನ ಕಾಲಕ್ಕೆ ಕಾರು ಬಂತು. ಅದನ್ನು ನಿಲ್ಲಿಸಲು ಅಂಗಳಕ್ಕೆ ಕಾಂಕ್ರೀಟು ಹಾಕಿಸಿದರು. ಕಾಂಡಕ್ಕೆ ತಾಗುವವರೆಗೂ ಹಾಕಿಸಿದರು. ಮರುವರ್ಷ ಎಳೆಗಾಯಿಗಳು ಉದುರಿದವು. ಮೂರನೆಯ ಬೇಸಿಗೆಯ ಹೊತ್ತಿಗೆ ತುದಿಯಿಂದ ಒಣಗುತ್ತ ಬಂದ ಮರವನ್ನು ಕಡಿಸಬೇಕಾಯಿತು. ಕೆಲವರು ದೃಷ್ಟಿ ತಾಗಿತೆಂದರು, ಕೆಲವರು ಗ್ರಹಚಾರವೆಂದರು. ಅಜ್ಜಿ ಏನೂ ಹೇಳಲಿಲ್ಲ. ಸಂಜೆ ಅಂಗಳಕ್ಕೆ ಬಂದು ಕೂರುವುದನ್ನು ಬಿಟ್ಟರು.

ಇದರಲ್ಲಿ ಗ್ರಹಚಾರವೇನೂ ಇಲ್ಲ. ಬೇರು ನೀರು ಕುಡಿಯುವಂತೆಯೇ ಉಸಿರನ್ನೂ ಆಡುತ್ತದೆ. ನೀರು, ಸಾರ ಹೀರುವ ಸಣ್ಣ ಬೇರುಗಳು ಬಹುಪಾಲು ಮೇಲಿನ ಒಂದೆರಡು ಅಡಿ ಮಣ್ಣಿನಲ್ಲೇ ಹರಡಿ, ಕೊಂಬೆಗಳ ನೆರಳಿನಾಚೆಗೂ ಹೋಗಿರುತ್ತವೆ. ಆದುದರಿಂದಲೇ ಬೆಳೆದ ಮರಕ್ಕೆ ಕಾಂಡದ ಬುಡದಲ್ಲಿ ನೀರು ಸುರಿಯುವುದಕ್ಕಿಂತ ನೆರಳಿನ ಅಂಚಿನಲ್ಲಿ ಪಾತಿ ಮಾಡಿ ಹಾಯಿಸುವುದು ಲೇಸು. ಮೇಲೆ ಸಿಮೆಂಟು ಬಿದ್ದರೆ ಗಾಳಿಯೂ ಇಲ್ಲ, ಮಳೆನೀರೂ ಇಲ್ಲ. 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ದೆಹಲಿಯ ಮರಗಳ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆಜ್ಞೆ ಮಾಡಿತು. ನಮ್ಮ ರಾಜ್ಯದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯಿದೆಯಂತೆ, ಕೆಲವು ಜಾತಿಗಳ ಹೊರತು, ಮರ ಕಡಿಯಲು ಅನುಮತಿ ಬೇಕು. ಕೊಡಲಿ ಎತ್ತಲು ಅನುಮತಿ ಕೇಳುವ ನಾವು ಸಿಮೆಂಟು ಕಲಸುವಾಗ ಯಾರನ್ನೂ ಕೇಳುವುದಿಲ್ಲ.

ಎದುರು ವಾದವೂ ಉಂಟು. 30–40 ಅಡಿಯ ನಿವೇಶನ, ಮಳೆಗಾಲದ ಕೆಸರು, ದಿನಕ್ಕೆರಡು ಸಲ ತರಗೆಲೆ ಗುಡಿಸುವ ಕಷ್ಟ, ಇವು ಸುಳ್ಳಲ್ಲ. ಗುಡಿಸುವ ಹೆಂಗಸರ ನಡುನೋವನ್ನು ಲೆಕ್ಕಿಸದೆ ಮರದ ಮಹಿಮೆ ಹೇಳುವುದು ನಮ್ಮಂಥ ಗಂಡಸರಿಗೆ ಸುಲಭ. ಆದರೆ ಇದಕ್ಕೆ ಉಪಾಯವಿದೆ. ಬುಡದ ಸುತ್ತ ಮೂರಡಿ ಮಣ್ಣು ಬಿಡಿ. ತರಗೆಲೆಯನ್ನು ಸುಡದೆ, ಕಾಂಡಕ್ಕೆ ತಾಗದಂತೆ ಅಲ್ಲಿಯೇ ಹಾಸಿ. ತೇವವೂ ಉಳಿದೀತು, ಗೊಬ್ಬರವೂ ಆದೀತು. ನಡೆದಾಡಲು ಚಪ್ಪಡಿಕಲ್ಲು ಹಾಕಿ ಸಂದಿಗೆ ಮರಳು ತುಂಬಿದರೆ ಕೆಸರೂ ಇಲ್ಲ, ನೀರು ಇಂಗುವುದೂ ನಿಲ್ಲದು. ಸಣ್ಣ ನಿವೇಶನದಲ್ಲಿ ಗೋಡೆಗೆ ಒತ್ತಿ ಮಾವು, ಹಲಸು ನೆಡುವ ಹಟ ಬೇಡ; ಕರಿಬೇವು, ನಿಂಬೆ, ದಾಳಿಂಬೆ, ಪಾರಿಜಾತ ಸಾಲದೆ? ದಾಸವಾಳ ಹೊಸ ಚಿಗುರಿನಲ್ಲಿ ಹೂ ಬಿಡುತ್ತದೆ. ವರ್ಷಕ್ಕೊಮ್ಮೆ ಸವರಿದರೆ ದಾರಿಗೂ ಅಡ್ಡವಾಗದು, ಪೂಜೆಗೂ ಹೂ ತಪ್ಪದು. ಬಚ್ಚಲ ನೀರನ್ನು ಬಾಳೆಯ ಬುಡಕ್ಕೆ ತಿರುಗಿಸಿದ ಅಜ್ಜಿಯರ ಜಾಣತನ ನಮಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ.

ಬರುವ ಜುಲೈಯಲ್ಲಿ ಹೊಸ ಸಸಿಯನ್ನು ಕೈಗೆತ್ತಿಕೊಳ್ಳುವ ಮೊದಲು ನಮ್ಮ ನಮ್ಮ ಮನೆಯ ಹಳೆಯ ಮರದ ಬುಡವನ್ನೊಮ್ಮೆ ನೋಡೋಣ. ಅಲ್ಲಿ ಸಿಮೆಂಟಿದ್ದರೆ, ಹಿರಿಯರನ್ನು ಒಪ್ಪಿಸಿ, ಬೇರಿಗೆ ಪೆಟ್ಟಾಗದಂತೆ ಉಳಿ ಸುತ್ತಿಗೆಯಿಂದ ಮೂರಡಿ ಬಿಡಿಸೋಣ. ನಮ್ಮ ವನಮಹೋತ್ಸವ ಅಲ್ಲಿಂದ ಆರಂಭವಾಗಲಿ.