ಸವೆದ ಬೆರಳು ಮತ್ತು ಮೊಬೈಲ್ ಪರದೆಯ ಪರೀಕ್ಷೆ

ಕಾವೇರಿ ನಾಲೆಯ ನೀರುಣ್ಣುವ ಶ್ರೀರಂಗಪಟ್ಟಣ, ಪಾಂಡವಪುರಗಳಲ್ಲಿ ಭತ್ತದ ನಾಟಿ, ಕಬ್ಬಿನ ಕಡಿತ, ಕೆ.ಆರ್.ಪೇಟೆ, ನಾಗಮಂಗಲಗಳಲ್ಲಿ ರಾಗಿ, ತೆಂಗಿನ ದುಡಿಮೆ. ಇಂತಹ ದುಡಿಮೆಯಲ್ಲಿ ಬೆರಳ ಗೆರೆಗಳು ಸವೆಯುವುದು ಸಹಜ. ಪಡಿತರಕ್ಕೆ ಬೆರಳಚ್ಚು ಕಡ್ಡಾಯವಾದಂದಿನಿಂದ ಈ ಸವೆತ ಅನ್ನದ ಪ್ರಶ್ನೆಯಾಯಿತು. 2025ರ ಅಕ್ಟೋಬರ್‌ನಲ್ಲಿ ಯುಪಿಐ ಪಾವತಿಗೆ ಪಿನ್ ಬದಲು ಮೊಬೈಲಿನ ಬೆರಳಚ್ಚನ್ನೇ ಬಳಸುವ ಸೌಲಭ್ಯ ಬಂದ ಮೇಲೆ ಅದು ಹಣದ ಪ್ರಶ್ನೆಯೂ ಆಗಿದೆ.

ಪರದೆಯ ಅಡಿಯ ಸಂವೇದಕಗಳಲ್ಲಿ ಪ್ರಮುಖವಾಗಿ ಎರಡು ಬಗೆ. ಆಪ್ಟಿಕಲ್ ಸಂವೇದಕ ಪರದೆಯ ಬೆಳಕನ್ನೇ ಬೆರಳಿನ ಮೇಲೆ ಚೆಲ್ಲಿ ಚಿತ್ರ ತೆಗೆಯುತ್ತದೆ. 2018ರಲ್ಲಿ ವಿವೋ ಕಂಪನಿ ಇದನ್ನು ಮಾರುಕಟ್ಟೆಗೆ ತಂದಿತು. ಅಗ್ಗವಾದುದರಿಂದ ಮಧ್ಯಮ ದರದ ಫೋನುಗಳಲ್ಲಿ ಇದೇ ಹೆಚ್ಚು. ಆದರೆ ಒದ್ದೆ ಅಥವಾ ಒಣಗಿದ ಬೆರಳು, ಪ್ರಖರ ಬಿಸಿಲು ಇದನ್ನು ತಡವರಿಸುವಂತೆ ಮಾಡುತ್ತವೆ. ಅಲ್ಟ್ರಾಸಾನಿಕ್ ಸಂವೇದಕ ಶ್ರವಣಾತೀತ ತರಂಗಗಳಿಂದ ಗೆರೆಗಳ ಏರುತಗ್ಗನ್ನು ಅಳೆಯುತ್ತದೆ. ತೇವ, ಬೆಳಕುಗಳ ಬಾಧೆ ಇದಕ್ಕೆ ಕಡಿಮೆ, ಬೆಲೆ ಹೆಚ್ಚು. ಇವೆರಡಕ್ಕಿಂತ ಹಳೆಯದಾದ ಕೆಪಾಸಿಟಿವ್ ಸಂವೇದಕ ಫೋನಿನ ಬದಿಯ ಗುಂಡಿಯಲ್ಲಿ ಇಂದಿಗೂ ಉಳಿದಿದೆ.

ದುಬಾರಿಯೆಂದ ಮಾತ್ರಕ್ಕೆ ದೋಷರಹಿತವಲ್ಲ. ಅಲ್ಟ್ರಾಸಾನಿಕ್ ಅಳವಡಿಸಿದ್ದ ಸ್ಯಾಮ್ಸಂಗ್ ಗ್ಯಾಲಕ್ಸಿ ಎಸ್10 ಫೋನಿಗೆ ಕೆಲವು ಸಿಲಿಕೋನ್ ಹೊದಿಕೆ ಹಾಕಿದರೆ ಬೇರೆಯವರ ಬೆರಳಿಗೂ ತೆರೆದುಕೊಳ್ಳುತ್ತಿದ್ದುದು 2019ರ ಅಕ್ಟೋಬರ್‌ನಲ್ಲಿ ಬಯಲಾಯಿತು. ಕಂಪನಿ ತಂತ್ರಾಂಶ ತಿದ್ದುಪಡಿ ನೀಡಬೇಕಾಯಿತು. ಗೆರೆಯೇ ಸವೆದಿದ್ದರೆ ಯಾವ ಸಂವೇದಕವೂ ಪೂರ್ಣ ಪರಿಹಾರವಲ್ಲ.

ಇಲ್ಲಿ ಒಂದು ವ್ಯತ್ಯಾಸ ಗಮನಾರ್ಹ. ಮೊಬೈಲ್ ಬೆರಳಚ್ಚನ್ನು ತನ್ನೊಳಗೇ ಹೋಲಿಸಿ ನೋಡುತ್ತದೆ. ಅದು ಸೋತರೆ ಪಿನ್ ಇದೆ. ನ್ಯಾಯಬೆಲೆ ಅಂಗಡಿಯ ಯಂತ್ರ ಅದನ್ನು ಆಧಾರ್ ದತ್ತಾಂಶದೊಡನೆ ಹೋಲಿಸುತ್ತದೆ. ಅಲ್ಲಿ ಸೋತವರು ಬರಿಗೈಯಲ್ಲಿ ಮರಳುವ ಭಯವಿದೆ. ಆಧಾರ್ ಅಥವಾ ಬೆರಳಚ್ಚು ಹೊಂದದ ಕಾರಣಕ್ಕೆ ಅರ್ಹರಿಗೆ ಪಡಿತರ ನಿರಾಕರಿಸಬಾರದೆಂದು ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಸೂಚಿಸಿತ್ತು. ಒಟಿಪಿ, ಕಣ್ಣಿನ ಪಾಪೆ, ಮುಖದ ಗುರುತು ಎಂಬ ಪರ್ಯಾಯಗಳೂ ಆಧಾರ್ ವ್ಯವಸ್ಥೆಯಲ್ಲಿವೆ.

ಫೋನು ಕೊಳ್ಳುವವರು ಒದ್ದೆ ಬೆರಳಿಟ್ಟು ಪರೀಕ್ಷಿಸಿ, ಎರಡು ಕೈಗಳ ಬೆರಳುಗಳನ್ನೂ ದಾಖಲಿಸಿ, ಪಿನ್ ಮರೆಯದಿದ್ದರೆ ಸಾಕು. ಪಡಿತರದ ಸಾಲಿನಲ್ಲಿ ನಿಂತವರಿಗೆ ಮಾತ್ರ ಯಂತ್ರವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಅವರ ಪಾಲಿಗೆ ಪರ್ಯಾಯ ಮಾರ್ಗ ಕಾಗದದಲ್ಲಿ ಉಳಿಯದೆ ಅಂಗಡಿಯ ಕಟ್ಟೆಗೆ ಬರಬೇಕಿದೆ.